ಕೊಲೆಗಾರ ಯಾರೆಂದು ಹೇಳದೆ ವಿಮರ್ಶೆ ಬರೆಯುವುದು

ಥ್ರಿಲ್ಲರ್ ಸಿನಿಮಾಗಳ ವಿಮರ್ಶೆ ಬರೆಯಲು ಶುರು ಮಾಡಿದ ಹೊಸತು. ಒಂದು ಚಿತ್ರದಲ್ಲಿ ಗಂಡನ ಪಾತ್ರ ಮಾಡಿದವರ ಬಗ್ಗೆ, 'ಕೊನೆಯ ಅರ್ಧ ಗಂಟೆ ಅವರ ಕಣ್ಣು ನೋಡಿದರೇ ಮೈ ಜುಂ ಅನ್ನುತ್ತದೆ' ಎಂದು ಬರೆದಿದ್ದೆ. ಮರುದಿನ ಪಿ.ಬಿ. ರಸ್ತೆ ಹತ್ತಿರ ನಾನು ಬೆಣ್ಣೆದೋಸೆ ತಿನ್ನುವ ಹೋಟೆಲಿನ ಯಜಮಾನರು ತಟ್ಟೆ ಇಡುತ್ತಾ, 'ಗಂಡನೇ ಕೊಂದಿದ್ದು ಅಂತ ಹೇಳ್ಬಿಟ್ರಲ್ಲ ಸಾರ್! ಇವತ್ತು ಸೆಕೆಂಡ್ ಶೋಗೆ ಮನೆಯವ್ರನ್ನ ಕರ್ಕೊಂಡು ಹೋಗೋನಿದ್ದೆ' ಅಂದರು. ಕೊಲೆಗಾರ ಯಾರೆಂದು ನಾನೆಲ್ಲೂ ಬರೆದಿರಲಿಲ್ಲ. ಆದರೆ ಆ ಹೊಗಳಿಕೆಯೇ ಗುಟ್ಟು ಬಿಟ್ಟುಕೊಟ್ಟಿತ್ತು. ದೋಸೆ ಗಂಟಲಲ್ಲಿ ಇಳಿಯಲಿಲ್ಲ.

ಅವತ್ತಿನಿಂದ ಇಂಟರ್ವಲ್ ಆಚೆಗಿನ ಘಟನೆ, ನಟನೆ ಯಾವುದನ್ನೂ ಬಿಡಿಸಿ ಹೇಳುವುದಿಲ್ಲ. 'ಕೊನೆಗೆ ದೊಡ್ಡ ಟ್ವಿಸ್ಟ್ ಇದೆ' ಎಂದೂ ಬರೆಯುವುದಿಲ್ಲ. ಹಾಗೆ ಬರೆದರೆ ಜನ ಕಥೆ ಬಿಟ್ಟು ಟ್ವಿಸ್ಟ್ ಹುಡುಕುತ್ತಾ ಕೂರುತ್ತಾರೆ, ಅಲ್ವಾ?

1960ರಲ್ಲಿ ಹಾಲಿವುಡ್‌ನ ಹಾರರ್ ಥ್ರಿಲ್ಲರ್ 'ಸೈಕೋ' ಬಿಡುಗಡೆಯಾದಾಗ, ಸಿನಿಮಾ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದು ಎಂದು ಅದರ ನಿರ್ದೇಶಕ ಹಿಚ್‌ಕಾಕ್ ಥಿಯೇಟರುಗಳಿಗೆ ಕಟ್ಟುನಿಟ್ಟು ಮಾಡಿದ್ದರು. ವಿಮರ್ಶಕರಿಗೂ ಮೊದಲೇ ತೋರಿಸಲಿಲ್ಲ. ಅವರೂ ಜನರ ಜೊತೆ ಕೂತೇ ನೋಡಬೇಕಾಯಿತು. ನನಗೆ ಇದು ತುಂಬಾ ಸರಿ ಅನ್ನಿಸುತ್ತದೆ. ಹಾರರ್ ಸಿನಿಮಾವನ್ನು ಒಬ್ಬರೇ ನೋಡಿ ಬರೆದರೆ ಅರ್ಧ ವಿಷಯ ಕೈತಪ್ಪುತ್ತದೆ.

ಹಾಗಾಗಿ ನಾನು ಹಿಂದಿನ ಸಾಲಿನ ಟಿಕೆಟ್ ತಗೊಳ್ಳುತ್ತೇನೆ. ಅಲ್ಲಿಂದ ಇಡೀ ಹಾಲ್ ಕಾಣುತ್ತದೆ. ಕಥೆ ಸಡಿಲವಾದ ಕಡೆ ಫೋನುಗಳು ಒಂದೊಂದಾಗಿ ಬೆಳಗುತ್ತವೆ. ಆ ಹೊತ್ತನ್ನು ಚೀಟಿಯಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ನಾನು ಬೆಚ್ಚಿಬಿದ್ದರೆ ಪಕ್ಕದಲ್ಲಿ ಒಂದೇ ಪದ: 'ಸದ್ದು' ಅಥವಾ 'ಸನ್ನಿವೇಶ'. ದಢಾರ್ ಅಂತ ಬಾಗಿಲು ಬಡಿದರೆ ಯಾರು ಬೇಕಾದರೂ ಬೆಚ್ಚುತ್ತಾರೆ. ಅದಕ್ಕೆ ನಿರ್ದೇಶಕರನ್ನು ಹೊಗಳಬೇಕಿಲ್ಲ. ಮನೆಗೆ ಬಂದು ಎಣಿಸಿದಾಗ 'ಸದ್ದು' ಜಾಸ್ತಿ ಇದ್ದರೆ, ಹೆದರಿಸಿದ್ದು ಸ್ಪೀಕರ್ ಎಂದು ನೇರವಾಗಿ ಬರೆಯುತ್ತೇನೆ.

ಈಚೆಗೆ ನೋಡಿದ ಒಂದು ಚಿತ್ರದ ಶುರುವಿನಲ್ಲೇ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವ ದೃಶ್ಯವಿತ್ತು. ಹುಡುಗಿ ಎರಡು ಸಲ ಎದ್ದು ಹೋಗಿ ಬಿಗಿ ಮಾಡಿ ಬಂದಳು. ಮತ್ತೆ ಟಪ್, ಟಪ್. ಮೂರನೇ ಸಲ ಅವಳು ಹಾಸಿಗೆಯಿಂದ ಏಳುವ ಮೊದಲೇ ಅದು ತಾನಾಗಿ ನಿಂತಿತು. ಹಿನ್ನೆಲೆ ಸಂಗೀತ ಚೂರೂ ಇಲ್ಲ. ಇಡೀ ಹಾಲ್‌ನಲ್ಲಿ ಒಂದೂ ಫೋನ್ ಬೆಳಗುತ್ತಿರಲಿಲ್ಲ. ನನ್ನ ಮುಂದಿನ ಸಾಲಿನ ಹುಡುಗನ ಕೈ ಪಾಪ್‌ಕಾರ್ನ್ ಡಬ್ಬದೊಳಗೇ ನಿಂತಿತ್ತು. ಆ ವಿಮರ್ಶೆಯನ್ನು ಆ ನಲ್ಲಿಯಿಂದಲೇ ಶುರು ಮಾಡಿದೆ.