ನಿಮ್ಮ ಮನೆ ಯಾವ ಕೌಂಟೀಲಿದೆ? ಹ್ಯೂಸ್ಟನ್ ಕಡೆ ಹೊಸದಾಗಿ ಬಂದೋರಿಗೆ ಹರಿಕೇನ್ ಪರಿಹಾರದ ವಿಷ್ಯ

ಜೂನಲ್ಲಿ ಹರಿಕೇನ್ (ಚಂಡಮಾರುತ) ಕಾಲ ಶುರುವಾದ್ರೆ ಸಾಕು, ಹೊಸದಾಗಿ ಬಂದೋರೆಲ್ಲ ನೀರು ಎಷ್ಟು ತಂದಿಡ್ಬೇಕು, ಜನರೇಟರ್ ಬೇಕಾ ಅಂತ ಕೇಳೋಕೆ ಶುರು ಮಾಡ್ತಾರೆ. ಅದೆಲ್ಲ ಬೇಕು ಸರಿ, ಆದ್ರೆ ನಾನು ವಾಪಸ್ ಒಂದು ಪ್ರಶ್ನೆ ಕೇಳ್ತೀನಿ, ನಿಮ್ಮ ಮನೆ ಯಾವ ಕೌಂಟೀಲಿದೆ (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ)? ತುಂಬ ಜನ "ಕೇಟಿ" ಅಂದ್ಬಿಡ್ತಾರೆ. ಹ್ಯೂಸ್ಟನ್ ಪಕ್ಕದ ಈ ಕೇಟಿ ಊರು ಹ್ಯಾರಿಸ್, ಫೋರ್ಟ್ ಬೆಂಡ್, ವಾಲರ್ ಅಂತ ಮೂರು ಕೌಂಟೀಲಿ ಹರಡ್ಕೊಂಡಿದೆ ಮಾರಾಯ್ರೆ, ವಿಳಾಸದಲ್ಲಿ ಕೇಟಿ ಅಂತ ಬರ್ಕೊಂಡ್ರೆ ಏನೂ ಗೊತ್ತಾಗಲ್ಲ. ಪ್ರಾಪರ್ಟಿ ಟ್ಯಾಕ್ಸ್ ಬಿಲ್ ನೋಡಿ, ಬಾಡಿಗೆ ಮನೆ ಆದ್ರೆ ಲೀಸಿಂಗ್ ಆಫೀಸಲ್ಲಿ ಕೇಳಿ.

ಯಾಕಂದ್ರೆ ಇಲ್ಲಿ ಪರಿಹಾರದ ಲೆಕ್ಕ ಕೌಂಟಿ ಲೆಕ್ಕ. ನಮ್ಮಲ್ಲಿ ಬರಪೀಡಿತ ತಾಲ್ಲೂಕುಗಳ ಪಟ್ಟಿ ಬರುತ್ತಲ್ಲ, ಹೆಚ್ಚುಕಮ್ಮಿ ಹಾಗೇ. ಲೂಸಿಯಾನಾದಲ್ಲಿ ಕೌಂಟಿಗೆ ಪ್ಯಾರಿಷ್ ಅಂತಾರೆ, ಅಷ್ಟೇ ವ್ಯತ್ಯಾಸ. 1988ರ ಸ್ಟ್ಯಾಫರ್ಡ್ ಆಕ್ಟ್ ಅನ್ನೋ ವಿಪತ್ತು ಪರಿಹಾರದ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಮೊದಲು ರಾಜ್ಯದ ಗವರ್ನರ್ ಕೇಳ್ಬೇಕು, ಆಮೇಲೆ ಅಧ್ಯಕ್ಷರು ಘೋಷಣೆ ಮಾಡ್ಬೇಕು, ಅದಾದ್ಮೇಲೆ ಫೀಮಾದವರು (ಕೇಂದ್ರ ಸರ್ಕಾರದ ವಿಪತ್ತು ಪರಿಹಾರ ಸಂಸ್ಥೆ) ಕೆಲಸಕ್ಕಿಳೀತಾರೆ. 2024ರ ಜುಲೈ 8ಕ್ಕೆ ಬೆರಿಲ್ ಹರಿಕೇನ್ ಹೊಡೆದಾಗ ಟೆಕ್ಸಸ್ ಗವರ್ನರ್ ಅಬಟ್ ವಿದೇಶದಲ್ಲಿದ್ರು, ಅವರ ಬದಲು ಲೆಫ್ಟಿನೆಂಟ್ ಗವರ್ನರ್ ಡ್ಯಾನ್ ಪ್ಯಾಟ್ರಿಕ್ ಕೇಳಿದ್ಮೇಲೆ 9ನೇ ತಾರೀಖು ಘೋಷಣೆ ಆಯ್ತು.

ಇಲ್ಲೊಂದು ಗೊಂದಲ ಇದೆ, ಇದನ್ನ ಮಾತ್ರ ಸರಿಯಾಗಿ ತಿಳ್ಕೊಳ್ಳಿ. ಸುದ್ದೀಲಿ "ನಿಮ್ಮ ಕೌಂಟಿ ಡಿಸಾಸ್ಟರ್ ಏರಿಯಾ" ಅಂತ ಬಂದ ತಕ್ಷಣ ನಮ್ಮ ಕೈಗೆ ದುಡ್ಡು ಬರುತ್ತೆ ಅಂತಲ್ಲ. ಪಬ್ಲಿಕ್ ಅಸಿಸ್ಟೆನ್ಸ್ ಅಂದ್ರೆ ಸಿಟಿ, ಕೌಂಟಿಯವರಿಗೆ, ಬಿದ್ದ ಮರ ಎತ್ತೋಕೆ, ರಸ್ತೆ ಸರಿ ಮಾಡೋಕೆ ಇತ್ಯಾದಿ. ಮನೆಯವರಿಗೆ ಸಿಗೋದು ಇಂಡಿವಿಜುವಲ್ ಅಸಿಸ್ಟೆನ್ಸ್, ಫೀಮಾದ ಪಟ್ಟೀಲಿ ನಿಮ್ಮ ಕೌಂಟಿ ಹೆಸರಿನ ಮುಂದೆ ಅದು ಇದೆಯಾ ನೋಡಿ. ಇಲ್ಲ ಅಂದ್ರೂ ಪಟ್ಟಿ ಅಲ್ಲಿಗೇ ಮುಗೀತು ಅನ್ಕೋಬೇಡಿ, ದಿನ ಕಳೆದ ಹಾಗೆ ಬೆಳೀತಾ ಹೋಗುತ್ತೆ. 2017ರಲ್ಲಿ ಹಾರ್ವಿ ಹರಿಕೇನ್ ಬಂದಾಗ ಆಗಸ್ಟ್ 25ರ ಮೊದಲ ಪಟ್ಟೀಲಿ ಕಾರ್ಪಸ್ ಕ್ರಿಸ್ಟಿ ಕಡೆ ಕೌಂಟಿಗಳೇ ಇದ್ದಿದ್ದು, ಹ್ಯೂಸ್ಟನ್ ಮುಳುಗಿದ್ಮೇಲೆ ನಮ್ಮ ಕಡೇವು ಸೇರಿದ್ವು. ಎಲ್ಲೆಲ್ಲಿ ಎಷ್ಟು ಮನೆ ಪೂರ್ತಿ ಹೋಗಿದೆ, ಎಷ್ಟಕ್ಕೆ ದೊಡ್ಡ ಪೆಟ್ಟು, ಎಷ್ಟಕ್ಕೆ ಇನ್ಶೂರೆನ್ಸ್ ಇರ್ಲಿಲ್ಲ ಅಂತೆಲ್ಲ ಲೆಕ್ಕ ಹಾಕ್ತಾರೆ, ಅದಕ್ಕೇ ಕೌಂಟಿಯವರು ಡ್ಯಾಮೇಜ್ ರಿಪೋರ್ಟ್ ಮಾಡಿ ಅಂತ ಕೇಳಿದ್ರೆ ದಯವಿಟ್ಟು ಮಾಡಿ, ನಮ್ಮೋರು ಯಾರಿಗೆ ಬೇಕು ರಗಳೆ ಅಂತ ಸುಮ್ನಿದ್ಬಿಡ್ತಾರೆ.

ಇನ್ನು ವೀಸಾ ವಿಷ್ಯ. ಮನಸ್ಸು ಗಟ್ಟಿ ಮಾಡ್ಕೊಳ್ಳಿ. ಎಚ್ 1 ಬಿ (ಕೆಲಸದ ವೀಸಾ), ಎಫ್ 1 (ಓದೋಕೆ ಬಂದೋರ ವೀಸಾ) ಮೇಲೆ ಇರೋರಿಗೆ ಫೀಮಾದ ದುಡ್ಡು ಸ್ವಂತ ಹೆಸರಲ್ಲಿ ಸಿಗಲ್ಲ, ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಥರದ್ದು ಬೇಕು. ಆದ್ರೆ ನಿಮ್ಮ ಜೊತೆ ಇರೋ ಮಗು ಇಲ್ಲೇ ಹುಟ್ಟಿ ಸಿಟಿಜನ್ ಆಗಿದ್ರೆ ಆ ಮಗು ಪರವಾಗಿ ಅಪ್ಪ ಅಮ್ಮ ಅರ್ಜಿ ಹಾಕ್ಬಹುದು, ಮಗೂದು ಸೋಶಿಯಲ್ ಸೆಕ್ಯುರಿಟಿ ನಂಬರ್ ಬೇಕು. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಶೆಲ್ಟರ್, ಊಟ, ನೀರು ಇಂಥ ತುರ್ತು ಸಹಾಯಕ್ಕೆ ವೀಸಾ ಅಡ್ಡ ಬರಲ್ಲ, ಸಂಕೋಚ ಬೇಡ.

ವೀಸಾ ಮೇಲೆ ಇರೋರಿಗೂ ಉಪಯೋಗ ಆಗೋದು ಅಂದ್ರೆ ಟ್ಯಾಕ್ಸ್. ಐಆರ್‌ಎಸ್‌ನವರು, ಅಂದ್ರೆ ಇಲ್ಲಿನ ತೆರಿಗೆ ಇಲಾಖೆಯವರು, ಫೀಮಾದ ಪಟ್ಟಿ ಹಿಡ್ಕೊಂಡೇ ಟ್ಯಾಕ್ಸಿನ ಕೊನೇ ದಿನಾಂಕ ಮುಂದಕ್ಕೆ ಹಾಕ್ತಾರೆ, ಬೆರಿಲ್ ಆದ್ಮೇಲೆ 2025ರ ಫೆಬ್ರವರಿ 3ರವರೆಗೆ ಕೊಟ್ಟಿದ್ರು. ಅವರ ಹತ್ರ ಇರೋ ವಿಳಾಸ ನೋಡಿ ತಾನಾಗೇ ಸಿಗುತ್ತೆ, ಹಾಗಾಗಿ ನ್ಯೂಜೆರ್ಸಿಯ ಹಳೇ ವಿಳಾಸ ಅಲ್ಲೇ ಕೂತಿದ್ರೆ ನೀವೇ ಫೋನ್ ಮಾಡಿ ಹೇಳ್ಬೇಕು.

ಹಾರ್ವೀಲಿ ನಮ್ದು ಗ್ರೌಂಡ್ ಫ್ಲೋರ್ ಅಪಾರ್ಟ್‌ಮೆಂಟು, ಮೊಣಕಾಲುದ್ದ ನೀರು. ರೆಂಟರ್ಸ್ ಇನ್ಶೂರೆನ್ಸ್ ಇದೆಯಲ್ಲ ಅಂತ ಧೈರ್ಯವಾಗಿದ್ದೆ, ಫ್ಲಡ್ ಅದ್ರಲ್ಲಿ ಬರಲ್ಲ ಅಂತ ಒಂದು ಪುಟದ ಕಾಗದ ಕಳಿಸಿದ್ರು. ಸಿಟ್ಟು ಬಂದು ಮುದ್ದೆ ಮಾಡಿ ಕಸದಬುಟ್ಟಿಗೆ ಎಸೆದೆ. ಅರ್ಜಿ ಹಾಕಿದ್ಮೇಲೆ ಫೀಮಾದವರು ಕೇಳಿದ್ದೇ ಆ ಕಾಗದ! ಇನ್ಶೂರೆನ್ಸ್ ಕೊಡೋದನ್ನ ಅವರು ಮತ್ತೆ ಕೊಡಲ್ಲ, ಹಾಗಾಗಿ ಇನ್ಶೂರೆನ್ಸಿನೋರು ಇಲ್ಲ ಅಂದಿದ್ದಕ್ಕೆ ಸಾಕ್ಷಿ ಬೇಕು. ಕಸದಬುಟ್ಟಿ ಬಗ್ಗಿಸಿ ಹುಡುಕಿ, ಕೈಯಲ್ಲೇ ಇಸ್ತ್ರಿ ಮಾಡಿ, ಟೀ ಕಲೆ ಸಮೇತ ಕಳಿಸಿದೆ. ಅಲ್ಲೀವರೆಗೂ ಅವರದ್ದೂ ಉತ್ತರ "ಅನರ್ಹ" ಅಂತಲೇ ಇತ್ತು, ಆ ಪದ ನೋಡಿ ಕೈ ಚೆಲ್ಬೇಡಿ, ಎಷ್ಟೋ ಸಲ ಒಂದು ದಾಖಲೆ ಕಮ್ಮಿ ಅಂತ ಅಷ್ಟೇ ಅದರ ಅರ್ಥ, ಅಪೀಲಿಗೆ ಆ ಪತ್ರದ ತಾರೀಖಿಂದ 60 ದಿನ ಇರುತ್ತೆ.

ಫ್ಲಡ್ ಇನ್ಶೂರೆನ್ಸಿಗೆ ಘೋಷಣೆ ಗಿಷಣೆ ಏನೂ ಬೇಕಿಲ್ಲ, ಬಾಡಿಗೆಯವರೂ ತಗೋಬಹುದು, ಆದ್ರೆ ಸರ್ಕಾರದ ಪಾಲಿಸಿ ಸಾಮಾನ್ಯವಾಗಿ 30 ದಿನ ಆದ್ಮೇಲೇ ಜಾರಿಗೆ ಬರೋದು, ಟಿವೀಲಿ ಮೋಡ ಸುತ್ತೋದು ಕಂಡ್ಮೇಲೆ ತಗೊಂಡ್ರೆ ಆ ಹರಿಕೇನಿಗೆ ಆಗಲ್ಲ.