ಹಿತ್ತಲಲ್ಲಿ ಸಣ್ಣ ಪೂಲ್ ಮಾಡಿಸ್ಬೇಕಾ? ಮೊದ್ಲು ಟೇಪ್ ಹಿಡಿದು ಕಳೀತಾ ಬನ್ನಿ

ಮನೆ ಹಿಂದೆ ಒಂದಿಷ್ಟು ಜಾಗ ಇದೆ, ಬೇಸಿಗೆ ಬಂದ್ರೆ ಮಕ್ಳು ನೀರು ನೀರು ಅಂತಾರೆ, ಅಲ್ಲೊಂದು ಪೂಲ್ ಮಾಡಿಸ್ಬೋದಾ ಅಂತ ಕೇಳೋರಿಗೆಲ್ಲ ನಾನು ಒಂದೇ ಮಾತು ಹೇಳೋದು. ಎಷ್ಟು ದೊಡ್ಡದು ಬೇಕು ಅಂತ ಶುರು ಮಾಡ್ಬೇಡಿ. ಟೇಪ್ ತಗೊಂಡು ಹಿತ್ತಲಿಗೆ ಹೋಗಿ, ಇರೋ ಜಾಗದಲ್ಲಿ ಯಾವ್ಯಾವುದನ್ನ ಕಳೀಲೇಬೇಕೋ ಅದನ್ನೆಲ್ಲ ಕಳೀರಿ, ಉಳಿದಿದ್ದೇ ನಿಮ್ ಪೂಲು.

ನಮ್ದು ಮೈಸೂರು, 50 ಬೈ 80 ಸೈಟು, ಔಟ್‌ಹೌಸ್ ಬಿಟ್ಟು ಹಿಂದೆ ಉಳಿದಿದ್ದು 16 ಬೈ 28 ಅಡಿ. ನಾವು ಪೇಪರ್ ಮೇಲೆ 10 ಬೈ 20 ಅಂತ ಬರ್ಕೊಂಡು ಖುಷಿಯಾಗಿದ್ವಿ, ಐದಡಿ ಗುಂಡಿ ತೆಗಿಬೇಕು ಅಂತ ಮೇಸ್ತ್ರಿ ಹೇಳಿದ್ರು, ಜೂನ್‌ನಲ್ಲಿ ಕೆಲ್ಸನೂ ಶುರುವಾಯ್ತು. ಹಿಂದಿನ ಕಾಂಪೌಂಡಿಂದ ಒಂದೂವರೆ ಅಡಿ ಅಷ್ಟೇ ಬಿಟ್ಟಿದ್ವಿ. ಎರಡು ದಿನ ಜೋರು ಮಳೆ ಬಂತು ನೋಡಿ, ಗುಂಡಿ ಪಕ್ಕದ ಮಣ್ಣು ಕುಸಿದು ಕಾಂಪೌಂಡಿನ ಪಾಯದ ಸೈಜುಗಲ್ಲು ಕಾಣೋಕ್ ಶುರುವಾಯ್ತು, ಮೂರನೇ ದಿನ ಗೋಡೆನೇ ನಮ್ ಕಡೆ ವಾಲ್ತು. ಆ ಕಡೆ ಪಕ್ಕದ ಮನೆಯವ್ರ ಮಕ್ಳು ಆಡೋ ಜಾಗ. ಆ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ. ಬೆಳಿಗ್ಗೆ ಮಣ್ಣು ತುಂಬ್ಸಿ, ಗೋಡೆ ಬಿಚ್ಚಿ ಕಟ್ಸಿ, ಆಮೇಲೆ ಒಬ್ರು ಸ್ಟ್ರಕ್ಚರಲ್ ಎಂಜಿನಿಯರ್ ಹತ್ರ ಹೋದ್ವಿ, ಅದನ್ನ ಮೊದ್ಲೇ ಮಾಡ್ಬೇಕಿತ್ತು.

ಅವ್ರು ಹೇಳಿದ ಲೆಕ್ಕ ಇದು, ನೀವೂ ಹಿಂಗೇ ಮಾಡಿ. ಮನೆ ಪಾಯದ ತಳದಿಂದ 45 ಡಿಗ್ರಿ ಓರೆಯಾಗಿ ಕೆಳಗೆ ಒಂದು ಗೆರೆ ಎಳೆದ್ರೆ ಆ ಗೆರೆ ಒಳಗೆ ನಿಮ್ ಗುಂಡಿ ಬರ್ಬಾರ್ದು, ಯಾಕಂದ್ರೆ ಪಾಯದ ಭಾರ ಆ ಓರೆಯಲ್ಲೇ ಮಣ್ಣಿಗೆ ಹರಡ್ಕೊಳ್ಳುತ್ತೆ. ಮನೆ ಫುಟಿಂಗ್ ಸಾಮಾನ್ಯವಾಗಿ ಆಳಕ್ಕಿರುತ್ತೆ, ಅಷ್ಟು ಭಯ ಇಲ್ಲ, ಮೋಸ ಮಾಡೋದು ಕಾಂಪೌಂಡು, ಅದರ ಪಾಯ ಎಷ್ಟೋ ಕಡೆ ಎರಡಡಿನೂ ಇರಲ್ಲ. ನಮ್ಗೆ ಅವ್ರು ಮನೆ ಕಡೆ 4 ಅಡಿ, ಹಿಂದಿನ ಕಾಂಪೌಂಡ್ ಕಡೆ 3 ಅಡಿ ಬಿಡಿಸಿದ್ರು. 16ರಲ್ಲಿ 7 ಹೋದ್ರೆ 9. ಎರಡೂ ಕಡೆ 8 ಇಂಚು ಕಾಂಕ್ರೀಟ್ ಗೋಡೆ, ಪ್ಲಾಸ್ಟರಿಂಗು ಟೈಲ್ಸು ಒಂದೊಂದು ಕಡೆ 2 ಇಂಚು, ಅಲ್ಲಿಗೆ ಒಳಗಡೆ ಸಿಕ್ಕಿದ್ದು 7 ಅಡಿ 4 ಇಂಚು. ಉದ್ದದಲ್ಲಿ ಒಂದು ತುದಿ 3 ಅಡಿ, ಇನ್ನೊಂದು ತುದಿ ಪಂಪು ಫಿಲ್ಟರಿಗೆ 4 ಅಡಿ, ಬಟ್ಟೆ ಒಗೆಯೋ ಕಲ್ಲಿಗೆ 5 ಅಡಿ (ಅಮ್ಮ ಅದನ್ನ ಬಿಟ್ಕೊಡಲ್ಲ ಅಂದ್ರು, ಸರಿನೇ), ಇಲ್ಲೂ ಎರಡು ಕಡೆ ಗೋಡೆ ಟೈಲ್ಸು ಕಳೆದು ಕೊನೆಗೆ 14 ಅಡಿ 4 ಇಂಚು. ಟೇಪ್ ಲೆಕ್ಕ ಮುಗಿದ್ಮೇಲೆ ರಂಗೋಲಿ ಪುಡಿಲಿ ನೆಲದ ಮೇಲೆ ಗೆರೆ ಹಾಕಿ ಒಂದು ವಾರ ಹಂಗೇ ಬಿಡಿ. ಬಟ್ಟೆ ಬಕೆಟ್ ಹಿಡ್ಕೊಂಡು, ಗ್ಯಾಸ್ ಸಿಲಿಂಡರ್ ತಗೊಂಡು ಅದರ ಪಕ್ಕ ಓಡಾಡಿ ನೋಡಿ, ಎಲ್ಲಿ ಇಕ್ಕಟ್ಟು ಅಂತ ಕಾಲಿಗೇ ಗೊತ್ತಾಗುತ್ತೆ. ಬಿಸಿಲು ಎಷ್ಟು ಹೊತ್ತು ಬೀಳುತ್ತೆ ಅಂತಲೂ ಆ ವಾರದಲ್ಲೇ ನೋಡ್ಕೊಳ್ಳಿ, ನಾಲ್ಕೈದು ಗಂಟೆ ಬಿಸಿಲು ಬೀಳ್ದಿದ್ರೆ ಡಿಸೆಂಬರ್ ಜನವರಿಲಿ ಮೈಸೂರಲ್ಲಿ ಯಾರೂ ನೀರಿಗೆ ಇಳಿಯಲ್ಲ. ಮರದ ಕೆಳಗಂತೂ ಬೇಡ, ಹೊಂಗೆ ಬೇವು ಎಲೆ ಉದುರಿಸೋ ಕಾಲದಲ್ಲಿ ದಿನಾ ಬಲೆ ಹಿಡ್ಕೊಂಡು ನಿಂತಿರ್ಬೇಕಾಗುತ್ತೆ.

ಇನ್ನು ನಂಗೆ ತುಂಬಾ ಇಷ್ಟವಾದ ವಿಷ್ಯ, ಅರ್ಧ ಒಳಗೆ ಅರ್ಧ ಹೊರಗೆ ಮಾಡೋದು. ಪೂಲ್ ಅಂದ್ರೆ ಪೂರ್ತಿ ನೆಲದೊಳಗೇ ಇರ್ಬೇಕು ಅಂತ ಏನಿಲ್ಲ ಕಣ್ರೀ. ಒಳಗಿನ ಆಳ 4 ಅಡಿ ಅಂದ್ರೆ ಎರಡೂವರೆ ಅಡಿ ಕೆಳಗೆ, ಒಂದೂವರೆ ಅಡಿ ಮೇಲೆ. ತಳದ ಸ್ಲ್ಯಾಬು 8 ಇಂಚು, ಅದರ ಕೆಳಗೆ ಬೆಡ್ ಕಾಂಕ್ರೀಟ್ 4 ಇಂಚು ಸೇರಿಸಿದ್ರೂ ಗುಂಡಿ ಮೂರೂವರೆ ಅಡಿಗೇ ನಿಲ್ಲುತ್ತೆ, ಕಾಂಪೌಂಡಿಗೆ ಅಪಾಯ ಕಮ್ಮಿ, ಹೊರಗೆ ಸಾಗಿಸೋ ಮಣ್ಣೂ ಕಮ್ಮಿ, ಮಳೆ ಬಂದಾಗ ಹಿತ್ತಲ ಕೆಸರುನೀರು ಒಳಗೆ ಹರಿಯಲ್ಲ, ಮೇಲಿನ ಅಂಚು ಜಗುಲಿ ಥರ ಕೂತ್ಕೊಳ್ಳಕ್ಕೆ ಆಗುತ್ತೆ. ಆದ್ರೆ ನೆಲದ ಮೇಲಿರೋ ಭಾಗಕ್ಕೆ ಹೊರಗಿಂದ ಮಣ್ಣಿನ ಆಸರೆ ಇರಲ್ಲ, ನೀರಿನ ಒತ್ತಡ ಪೂರ್ತಿ ಗೋಡೆನೇ ತಡೀಬೇಕು, ಹಂಗಾಗಿ ಕಂಬಿ ಎಷ್ಟು, ಎಲ್ಲಿ ಅನ್ನೋದನ್ನ ಡ್ರಾಯಿಂಗ್‌ನಲ್ಲಿ ಬರೆಸ್ಕೊಳ್ಳಿ. ಸಂಪ್ ಕಟ್ಟೋ ಥರ ಇಟ್ಟಿಗೆ ಕಟ್ಟಿ ಸಿಮೆಂಟ್ ಬಳಿದು ಬಿಡೋಣ ಅಂತ ಯಾರಾದ್ರೂ ಹೇಳಿದ್ರೆ ಒಪ್ಕೋಬೇಡಿ.

ಕಾಂಪೌಂಡ್ ಕಡೆ ಗೋಡೆಗೆ, ನೆಲದೊಳಗಿರೋ ಭಾಗಕ್ಕೆ, ನಾವು ಹೊರಗಡೆ ಸೆಂಟ್ರಿಂಗ್ (ಕಾಂಕ್ರೀಟ್ ಗಟ್ಟಿಯಾಗೋವರೆಗೂ ಹಿಡಿಯೋ ಹಲಗೆ ಅಚ್ಚು) ಹಾಕ್ಲೇ ಇಲ್ಲ. ನಮ್ದು ಕೆಂಪು ಮಣ್ಣು, ಮಳೆ ಇಲ್ದಾಗ ನೆಟ್ಟಗೆ ಕತ್ತರಿಸಿದ್ರೆ ನಿಲ್ಲುತ್ತೆ, ಅದಕ್ಕೆ ಪ್ಲಾಸ್ಟಿಕ್ ಶೀಟ್ ಹೊದಿಸಿ ಒಳಗಡೆ ಮಾತ್ರ ಸೆಂಟ್ರಿಂಗ್ ಹೊಡೆದು ಕಾಂಕ್ರೀಟ್ ಹಾಕಿದ್ರು, ಅದರಿಂದ ಕೆಲ್ಸ ಮಾಡೋರು ನಿಲ್ಲೋಕೆ ಅಂತ ಒಂದೂವರೆ ಅಡಿ ಜಾಸ್ತಿ ಅಗೆಯೋದು ತಪ್ತು. ಇದು ಎಲ್ಲಾ ಕಡೆ ಆಗಲ್ಲ. ಧಾರವಾಡ ವಿಜಯಪುರದ ಕಡೆ ಎರೆಮಣ್ಣು ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರುಕು ಬಿಡುತ್ತೆ, ಅಲ್ಲಿ ತಳ ಗೋಡೆ ಎರಡಕ್ಕೂ ಬೇರೆನೇ ಡಿಸೈನ್ ಬೇಕು. ಮಂಗಳೂರು ಉಡುಪಿ ಕಡೆ ಮಳೆಗಾಲದಲ್ಲಿ ಅಂತರ್ಜಲ ಮೇಲಕ್ಕೇ ಬಂದ್ಬಿಡುತ್ತೆ, ಆಗ ಪೂಲ್ ಖಾಲಿ ಇದ್ರೆ ಕೆಳಗಿನ ನೀರು ಇಡೀ ತೊಟ್ಟಿನ ದೋಣಿ ಥರ ಮೇಲಕ್ಕೆ ಎತ್ತುತ್ತೆ, ಮಳೆಗಾಲದಲ್ಲಿ ಖಾಲಿ ಮಾಡ್ಲೇಬೇಡಿ, ತಳದಲ್ಲಿ ರಿಲೀಫ್ ವಾಲ್ವ್ (ಕೆಳಗಿನ ನೀರಿನ ಒತ್ತಡ ಜಾಸ್ತಿಯಾದ್ರೆ ತಾನೇ ತೆರ್ಕೊಳ್ಳೋದು) ಇಡ್ಸಿ. ರೆಡಿಮೇಡ್ ಫೈಬರ್ ಪೂಲ್ ಬೇಗ ಆಗುತ್ತೆ ನಿಜ, ಆದ್ರೆ ಅದು ಒಂದೇ ಪೀಸ್ ಬರೋದು, ಮನೆ ಪಕ್ಕದ ಓಣಿಲಿ ತೂರಲ್ಲ, ಕ್ರೇನ್‌ನಲ್ಲಿ ಮನೆ ಮೇಲಿಂದ ಇಳಿಸ್ಬೇಕು ಅಂದ್ರೆ ರಸ್ತೆಲಿ ಕರೆಂಟ್ ವೈರು ಅಡ್ಡ.

ನೀರಿನ ಲೆಕ್ಕಕ್ಕೆ ಬರೋಣ. ಒಂದು ಘನ ಅಡಿಗೆ 28.3 ಲೀಟರ್. ನಮ್ದು ನೀರೊಳಗೆ ಕೂರೋಕೆ ಮಾಡಿಸಿರೋ ಕಟ್ಟೆ ಕಳೆದು ಸುಮಾರು ಹತ್ತೂವರೆ ಸಾವಿರ ಲೀಟರ್, ನಿಮ್ಮ ಲೆಕ್ಕ ನೀವು ಮಾಡಿ ಗೋಡೆ ಮೇಲೆ ಬರೆದಿಡಿ, ಮುಂದೆ ಪ್ರತಿಯೊಂದಕ್ಕೂ ಅದು ಬೇಕಾಗುತ್ತೆ. ಕುಡಿಯೋ ನೀರು ಇದಕ್ಕೆ ಬಳಸೋದು ನಂಗೆ ಸರಿ ಅನ್ಸಲ್ಲ, 2024ರ ಮಾರ್ಚ್‌ನಲ್ಲಿ ಬೆಂಗಳೂರಲ್ಲಿ ಜಲಮಂಡಳಿ ಪೂಲ್‌ಗಳಿಗೆ ಕುಡಿಯೋ ನೀರು ಬಳಸೋ ಹಾಗಿಲ್ಲ ಅಂತ ಆರ್ಡರ್ರೇ ಮಾಡಿತ್ತಲ್ಲ. ನಾವು ಮಳೆನೀರಲ್ಲೇ ತುಂಬಿಸಿದ್ದು. ಸಾವಿರ ಚದರಡಿ ತಾರಸಿ ಮೇಲೆ ಒಂದಿಂಚು ಮಳೆ ಬಂದ್ರೆ 2,300 ಲೀಟರ್ ಹತ್ರ ಬೀಳುತ್ತೆ, ಅದೂ ಇದೂ ಹೋಗಿ 1,800 ಕೈಗೆ ಸಿಗುತ್ತೆ, ಅಂಥ ಆರು ಮಳೆ ಸಾಕು. ಬೋರ್ ನೀರು ಗಡಸು ಇದ್ರೆ ಟೈಲ್ಸ್ ಮೇಲೆ ಬಿಳಿ ಕಟ್ಟುತ್ತೆ, ಆ ಲೆಕ್ಕದಲ್ಲೂ ಮಳೆನೀರೇ ಮೇಲು. ಒಂದ್ಸಲ ತುಂಬಿಸಿದ್ರೆ ಮುಗೀತು ಅಂತಲ್ಲ, ಬೇಸಿಗೆಲಿ ದಿನಕ್ಕೆ 5–6 ಮಿಲಿಮೀಟರ್ ಆವಿಯಾಗುತ್ತೆ, ನಮ್ಮಳತೆಗೆ ಅದು 50–60 ಲೀಟರ್. ಬಳಸದಿದ್ದಾಗ ಕವರ್ ಮುಚ್ಚಿದ್ರೆ ಅದರಲ್ಲಿ ಬಹುಪಾಲು ಉಳಿಯುತ್ತೆ, ಕವರಿಗೆ ದುಡ್ಡು ಹಾಕಕ್ಕೆ ಹಿಂದೆಮುಂದೆ ನೋಡ್ಬೇಡಿ.

ಫಿಲ್ಟರ್ ವಿಷ್ಯ ಬೇಗ ಹೇಳ್ತೀನಿ. ನಾಲ್ಕು ಗಂಟೆಲಿ ಪೂರ್ತಿ ನೀರು ಒಂದ್ಸಲ ಫಿಲ್ಟರ್ ಮೂಲಕ ಹಾದು ಬರ್ಬೇಕು, ಇಷ್ಟು ಸಣ್ಣದಕ್ಕೆ ಅರ್ಧ ಎಚ್‌ಪಿ ಪಂಪು, 16 ಇಂಚಿನ ಸ್ಯಾಂಡ್ ಫಿಲ್ಟರ್ ಧಾರಾಳ. ದಿನಕ್ಕೆ ಆರು ಗಂಟೆ ಓಡಿಸಿದ್ರೆ ಮೂರು ಯೂನಿಟ್, ತಿಂಗಳಿಗೆ 90. ಗೃಹಜ್ಯೋತಿ ಇರೋರು ಇದನ್ನ ನೆನಪಿಟ್ಕೊಳ್ಳಿ, 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ ಬರುತ್ತೆ. ಹಂಗಂತ ಪಂಪ್ ನಿಲ್ಲಿಸಿಬಿಟ್ರೆ ಒಂದು ವಾರ ಹತ್ತು ದಿನದಲ್ಲಿ ಡೆಂಗ್ಯೂ ಸೊಳ್ಳೆ ಮೊಟ್ಟೆಯಿಂದ ರೆಕ್ಕೆವರೆಗೂ ಬೆಳೆದಿರುತ್ತೆ, ಅದಕ್ಕೆ ನಿಂತ ಶುದ್ಧ ನೀರೇ ಬೇಕಾಗಿರೋದು. ಊರಿಗೆ ಹೋಗೋವಾಗ್ಲೂ ಟೈಮರ್ ಹಾಕಿ ಹೋಗಿ.

ಕ್ಲೋರಿನ್ 1ರಿಂದ 3 ಪಿಪಿಎಂ (ಅಂದ್ರೆ ಲೀಟರಿಗೆ ಅಷ್ಟು ಮಿಲಿಗ್ರಾಂ), ಪಿಎಚ್ 7.2ರಿಂದ 7.6, ಟೆಸ್ಟ್ ಕಿಟ್ ಒಂದಿದ್ರೆ ಸಾಕು. ನಮ್ ನೀರಿಗೆ 2 ಪಿಪಿಎಂ ಬರಿಸಕ್ಕೆ 65 ಪರ್ಸೆಂಟ್ ಕ್ಲೋರಿನ್ ಪೌಡರ್ 32 ಗ್ರಾಂ ಅಷ್ಟೇ ಬೇಕು, ಜನ ಹಿಡಿ ಹಿಡಿ ಸುರೀತಾರೆ, ಮಕ್ಳು ಕಣ್ಣು ಉಜ್ಜಿಕೊಂಡು ಅಳ್ತಾವೆ. ಬಿಸಿಲಿಗೆ ಕ್ಲೋರಿನ್ ಹಾರಿಹೋಗುತ್ತೆ, ಸಂಜೆ ಹಾಕಿ. ದಯವಿಟ್ಟು ಇದೊಂದು ಕೇಳಿ, ಈ ಪೌಡರನ್ನೂ ಟಿಸಿಸಿಎ ಅನ್ನೋ ಇನ್ನೊಂದು ಥರದ ಕ್ಲೋರಿನ್ ಮಾತ್ರೆಯನ್ನೂ ಒಂದೇ ಡಬ್ಬಿಲಿ ಇಡ್ಬೇಡಿ, ಒಂದೇ ಚಮಚನೂ ಬೇಡ, ಎರಡೂ ಸೇರಿದ್ರೆ ಬೆಂಕಿ ಹತ್ಕೊಳ್ಳುತ್ತೆ, ಸಿಡಿಯುತ್ತೆ. ಪೌಡರನ್ನ ನೀರಿಗೆ ಹಾಕ್ಬೇಕು, ಪೌಡರ್ ಮೇಲೆ ನೀರು ಸುರೀಬಾರ್ದು.

ಮಕ್ಕಳಿರೋ ಮನೆ ಅಂದ್ರೆ ಒಂದೂವರೆ ಅಡಿ ಕಟ್ಟೆ ಬೇಲಿ ಅಲ್ಲ, ಎರಡು ವರ್ಷದ ಮಗು ಹತ್ತಿಬಿಡುತ್ತೆ, ಮುಳುಗೋ ಮಗು ಕೂಗೋದೂ ಇಲ್ಲ. ಸುತ್ತ ನಾಲ್ಕಡಿ ಗ್ರಿಲ್, ತಾನೇ ಮುಚ್ಕೊಳ್ಳೋ ಗೇಟು, ಚಿಲಕ ಮಗು ಕೈಗೆ ಎಟುಕದಷ್ಟು ಮೇಲೆ. ಇದನ್ನ ಆಮೇಲೆ ಮಾಡ್ಸೋಣ ಅಂತ ಮುಂದೆ ಹಾಕ್ಬೇಡಿ, ನೀರು ತುಂಬೋಕೆ ಮುಂಚೆನೇ ಆಗ್ಬೇಕು. ತಳದ ಡ್ರೈನ್ ಒಂದೇ ಇದ್ರೆ ಪಂಪಿನ ಸೆಳೆತಕ್ಕೆ ಕೂದಲೋ ಕೈಯೋ ಸಿಕ್ಕಿಕೊಂಡ್ರೆ ಬಿಡಿಸೋಕಾಗಲ್ಲ, ಮೂರಡಿ ಅಂತರದಲ್ಲಿ ಎರಡು ಡ್ರೈನ್ ಇಟ್ಟು ಒಂದೇ ಪೈಪಿಗೆ ಸೇರಿಸಿ. ಲೈಟು 12 ವೋಲ್ಟ್‌ದೇ ಆಗ್ಬೇಕು, ಪಂಪಿನ ಲೈನಿಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಲೀಕ್ ಆದ್ರೆ ತಕ್ಷಣ ಆಫ್ ಮಾಡೋ ಸ್ವಿಚ್ಚು) ಇರ್ಲೇಬೇಕು.

ಹದಿನಾಲ್ಕಡೀಲಿ ಈಜೋದು ಹೆಂಗೆ ಅಂತ ಕೇಳ್ತಾರೆ. ಗೋಡೆಗೆ ಸ್ಟೀಲ್ ಕೊಂಡಿ ಕಾಂಕ್ರೀಟ್ ಹಾಕೋವಾಗ್ಲೇ ಕೂರಿಸಿ, ಸೊಂಟಕ್ಕೆ ಬೆಲ್ಟ್ ಕಟ್ಕೊಂಡು ಹಗ್ಗ ಅದಕ್ಕೆ ಸಿಕ್ಕಿಸಿದ್ರೆ ನಿಂತಲ್ಲೇ ಎಷ್ಟು ಹೊತ್ತಾದ್ರೂ ಈಜ್ಬೋದು. ಒಂದು ತುದಿಲಿ 18 ಇಂಚು ಅಗಲದ ಕಟ್ಟೆ ನೀರೊಳಗೇ ಮಾಡ್ಸಿ, ನಮ್ಮಪ್ಪ ಮಂಡಿನೋವು ಇದ್ದೋರು, ಸಂಜೆ ಹೊತ್ತು ಅಲ್ಲಿ ಕೂತ್ರೆ ಏಳೋದೇ ಇಲ್ಲ.

ಟೈಲ್ಸ್ ಹಾಕ್ಸೋಕೆ ಅವಸರ ಬೇಡ. ಕ್ಯೂರಿಂಗ್ ಮುಗಿದ್ಮೇಲೆ ವಾಟರ್‌ಪ್ರೂಫಿಂಗ್ ಮಾಡ್ಸಿ ಬರೀ ತೊಟ್ಟಿಗೇ ನೀರು ತುಂಬ್ಸಿ ಒಂದು ವಾರ ಬಿಡಿ. ಹೊಸ ಗೋಡೆ ಮೊದಲೆರಡು ದಿನ ತಾನೇ ಒಂದಿಷ್ಟು ನೀರು ಹೀರುತ್ತೆ, ಅದನ್ನ ಲೆಕ್ಕಕ್ಕೆ ತಗೋಬೇಡಿ. ಆಮೇಲೆ ಒಂದು ಬಕೆಟ್‌ಗೆ ನೀರು ತುಂಬಿ ಒಳಗಿನ ಕಟ್ಟೆ ಮೇಲೆ ಇಟ್ಟು, ಬಕೆಟ್ ಒಳಗಿನ ಮಟ್ಟಕ್ಕೂ ಹೊರಗಿನ ಮಟ್ಟಕ್ಕೂ ಮಾರ್ಕರ್‌ನಲ್ಲಿ ಗೆರೆ ಹಾಕಿ. ಒಂದು ದಿನ ಬಿಟ್ಟು ನೋಡಿದ್ರೆ ಎರಡೂ ಒಂದೇ ಸಮ ಇಳಿದಿದ್ರೆ ಅದು ಬಿಸಿಲಿಗೆ ಹೋಗಿದ್ದು, ತೊಟ್ಟಿದೇ ಜಾಸ್ತಿ ಇಳಿದಿದ್ರೆ ಎಲ್ಲೋ ಸೋರ್ತಿದೆ. ನಾವು ಮೂರು ದಿನ ನೋಡಿದ್ವಿ, ಮೂರೂ ದಿನ ಎರಡು ಗೆರೆನೂ ಸಮ ಇತ್ತು, ಅವತ್ತು ಸಂಜೆನೇ ಟೈಲ್ಸ್‌ನೋರಿಗೆ ಫೋನ್ ಮಾಡ್ದೆ.