ರಾತ್ರಿಯಿಡೀ ರೆವಿಟ್, ಬೆಳಿಗ್ಗೆ ಪಿಡಿಎಫ್: ನನ್ನ ಅನುಭವ

ರೆವಿಟ್ ಅಂದರೆ ಕಟ್ಟಡದ ಮಾದರಿ, ನಕ್ಷೆ ಮಾಡುವ ಸಾಫ್ಟ್‌ವೇರ್. ಅದರಲ್ಲಿ ಮತ್ತೆ ಮತ್ತೆ ಮಾಡುವ ಕೆಲಸವನ್ನು ತಾನಾಗಿ ಮಾಡಿಸೋದು ಡೈನಮೋ. ಡೈನಮೋ ಸ್ಕ್ರಿಪ್ಟನ್ನು ಒಂದು ಫೈಲಿಗೆ ಓಡಿಸೋದು ಎಲ್ಲರಿಗೂ ಬರುತ್ತೆ. 90ರ ಹತ್ತಿರ ಫೈಲಿಗೆ, ಪಕ್ಕದಲ್ಲಿ ಯಾರೂ ಕೂರದೆ ಓಡಿಸಬೇಕು ಅಂದರೆ ಬೇರೆ ಮಾತು. "ಶಿವಮೊಗ್ಗದಲ್ಲಿ, ಅದೂ ಮಳೆಗಾಲದಲ್ಲಿ? ರಾತ್ರಿಯಿಡೀ ಕರೆಂಟು ಇರುತ್ತೇನ್ರೀ?" ಅಂತ ಬೆಂಗಳೂರಿನ ಗೆಳೆಯರು ನಕ್ಕಿದ್ದರು. ಈಗ ಅವರೇ ಫೋನ್ ಮಾಡುತ್ತಾರೆ.

ಒಂದು ಲೇಔಟಿನ ಮನೆಗಳು. ಎಲ್ಲ ಫೈಲಲ್ಲೂ ಬಾಗಿಲು, ಕಿಟಕಿ ನಂಬರು ಬದಲಿಸಿ ಶೀಟುಗಳನ್ನು ಪಿಡಿಎಫ್ ಮಾಡಬೇಕು. ಇದಕ್ಕೆಂದೇ ಆಡ್‌ಇನ್ (ರೆವಿಟ್‌ಗೆ ಸೇರಿಸುವ ಪುಟ್ಟ ಪ್ರೋಗ್ರಾಂ) ಬರೆದುಕೊಡಲು 40 ಸಾವಿರದ ಮೇಲೆ ಕೇಳಿದರು. ಆ ಕೆಲಸದಲ್ಲಿ ನನಗೆ ಉಳಿಯೋದೇ ಅಷ್ಟು!

ಮೊದಲು ಜರ್ನಲ್ ತಿದ್ದಿ ಓಡಿಸಿದೆ. ಜರ್ನಲ್ ಅಂದರೆ ನಾವು ಮಾಡಿದ್ದನ್ನೆಲ್ಲ ರೆವಿಟ್ ಬರೆದಿಡುವ ಟೆಕ್ಸ್ಟ್ ಫೈಲು, ಅದನ್ನೇ ಮತ್ತೆ ಓಡಿಸಬಹುದು. ಚೆನ್ನಾಗಿಯೇ ಶುರುವಾಗುತ್ತೆ. ಆದರೆ ನಡುವೆ "ಲಿಂಕ್ (ಜೋಡಿಸಿದ ಬೇರೆ ಫೈಲು) ಸಿಗುತ್ತಿಲ್ಲ" ಅಂತ ಒಂದು ಡೈಲಾಗ್ ಎದ್ದರೆ ಮುಗೀತು, ಯಾರಾದರೂ ಬಟನ್ ಒತ್ತುವವರೆಗೆ ಮುಂದೆ ಹೋಗಲ್ಲ. ಬೆಳಿಗ್ಗೆ ಬಂದು ನೋಡಿದರೆ ಮೂರೋ ನಾಲ್ಕೋ ಫೈಲು ಆಗಿರುತ್ತಿತ್ತು. ಎಲ್ಲಿ ನಿಂತಿದೆ ಅಂತ ತಿಳಿಯಲು ಜರ್ನಲ್ಲನ್ನು ನೋಟ್‌ಪ್ಯಾಡಲ್ಲಿ ತೆರೆದು ಕೆಳಗಿನಿಂದ ಮೇಲಕ್ಕೆ ಓದಿ. ಕೊನೆಯ ಹತ್ತಿಪ್ಪತ್ತು ಸಾಲಲ್ಲೇ ಸಿಗುತ್ತೆ.

ಕೊನೆಗೆ ಕೈ ಹಿಡಿದದ್ದು ರೆವಿಟ್ ಬ್ಯಾಚ್ ಪ್ರೊಸೆಸರ್, ಪಟ್ಟಿಯ ಫೈಲುಗಳನ್ನು ಒಂದೊಂದಾಗಿ ತೆರೆದು ಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಂ. ಕಾಸು ಕೊಡಬೇಕಿಲ್ಲ. ಡೈನಮೋ ಸ್ಕ್ರಿಪ್ಟ್ ಆಟೊಮ್ಯಾಟಿಕ್ ಮೋಡಲ್ಲೇ (ಬಟನ್ ಒತ್ತದೆ ತಾನೇ ಓಡುವಂತೆ) ಸೇವ್ ಆಗಿರಲಿ. ಎಲ್ಲವನ್ನೂ ಒಂದೇ ಸೆಷನ್ನಲ್ಲಿ ತೆರೆಸಿದರೆ 16 ಜಿಬಿ ರ‍್ಯಾಮ್ ತುಂಬಿ ಅರ್ಧದಲ್ಲೇ ಮಲಗುತ್ತೆ. ಫೈಲಿಗೊಂದು ಹೊಸ ಸೆಷನ್ ಕೊಟ್ಟೆ, ಅಂದರೆ ಪ್ರತಿ ಫೈಲಿಗೂ ರೆವಿಟ್ ಹೊಸದಾಗಿ ಶುರುವಾಗುತ್ತೆ. ಒಂದು ಫೈಲು ತುಂಬಾ ಹೊತ್ತು ಹಿಡಿದರೆ ಬಿಟ್ಟು ಮುಂದೆ ಹೋಗಲಿ ಅಂತ ಟೈಮ್‌ಔಟನ್ನೂ ಹಾಕಿದೆ. ಫೈಲಿಗೆ ಸುಮಾರು 5 ನಿಮಿಷ. ರಾತ್ರಿ 9ಕ್ಕೆ ಹಚ್ಚಿದರೆ ಬೆಳಗಾಗುವಷ್ಟರಲ್ಲಿ ಎಲ್ಲ ಮುಗಿದಿರುತ್ತೆ. ಲಿಂಕಿನ ಡೈಲಾಗ್ ಏಳದಂತೆ ಫೈಲನ್ನು ಮೊದಲೇ ಹೇಗೆ ಹದ ಮಾಡಿಡುತ್ತೇನೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ. ನಮ್ಮ ಅನ್ನ ಅದರಲ್ಲೇ ಇದೆ.

ಖರ್ಚಾದದ್ದು ಬ್ಯಾಟರಿಗೆ. 150 ಎಎಚ್‌ದು, 16 ಸಾವಿರ ಚಿಲ್ಲರೆ. ಇನ್ವರ್ಟರನ್ನು ಯುಪಿಎಸ್ ಮೋಡಿಗೆ ಹಾಕಿಡಿ, ಇಲ್ಲದಿದ್ದರೆ ಕರೆಂಟು ಹೋದ ಕ್ಷಣಕ್ಕೇ ಸಿಸ್ಟಮ್ ರೀಸ್ಟಾರ್ಟ್ ಆಗಬಹುದು. ನಾಲ್ಕು ಗಂಟೆ ಆರಾಮಾಗಿ ತಡೆಯುತ್ತೆ. ಅದೂ ಖಾಲಿಯಾದರೆ? ಮುಗಿದ ಫೈಲಿನ ಹೆಸರನ್ನು ಸ್ಕ್ರಿಪ್ಟೇ ಒಂದು ಟೆಕ್ಸ್ಟ್ ಫೈಲಲ್ಲಿ ಬರೆದಿಡುತ್ತೆ. ಉಳಿದವನ್ನಷ್ಟೇ ಮತ್ತೆ ಪಟ್ಟಿಗೆ ಹಾಕಿದರಾಯ್ತು.

ಇದೇ ಗುಂಗಲ್ಲಿ ತೀರ್ಥಹಳ್ಳಿ ಕಡೆಯ ಒಂದು ಹೆಂಚಿನ ಮನೆಗೆ ಸುಮ್ನೆ ಪ್ರಯೋಗ ಮಾಡಿದೆ. ಸೂರನ್ನು 2 ಅಡಿ, ಎರಡೂವರೆ, 3 ಅಂತ ಬದಲಿಸುತ್ತಾ ಹೆಂಚು ಎಣಿಸಲು ಬಿಟ್ಟೆ. 2ಕ್ಕಿಂತ 3 ಅಡಿಗೆ 250ರ ಹತ್ತಿರ ಹೆಂಚು ಜಾಸ್ತಿ ಬಂತು. ಮನೆಯವರು ಲೆಕ್ಕ ನೋಡಿ 3 ಅಡಿಯೇ ಇರಲಿ ಅಂದರು. ಆಷಾಢದ ಎರಚಲು ಗೋಡೆಗೆ ಏನು ಮಾಡುತ್ತೆ ಅಂತ ಅವರಿಗೆ ಗೊತ್ತಲ್ವಾ!